ಟಿ ಮಾಡೆಲ್ ಫೋರ್ಡಿಗೆ ಸ್ಪೇರ್ ಹುಡುಕಿದ ಮೂರು ವರ್ಷ

ತಿಪಟೂರಿನ ಹತ್ತಿರ ನಮ್ಮ ಸೋದರಮಾವನ ತೋಟದ ಮನೆ. ಮನೆ ಹಿಂದೆ ಕೊಬ್ಬರಿ ಅಟ್ಟ. ಮೇಲೆ ತೆಂಗಿನಕಾಯಿ ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿ ಆಗುತ್ತಿದ್ದರೆ, ಕೆಳಗೆ ಗೋಣಿಚೀಲ, ಮುರಿದ ಕುಂಟೆ, ಹಳೇ ಪಂಪ್‌ಸೆಟ್ಟಿನ ನಡುವೆ ಒಂದು ಕಾರು ನಿಂತಿತ್ತು. ಫೋರ್ಡ್ ಮಾಡೆಲ್ ಟಿ. ಬಟ್ಟೆಯ ಟಾಪ್ ಇರುವ ಟೂರಿಂಗ್ ಗಾಡಿ. ಮಾವನ ತಾತ ಕೊಂಡಿದ್ದಂತೆ. ಬೇಸಿಗೆ ರಜೆಗೆ ಹೋದಾಗ ಅದರ ಸ್ಟೀರಿಂಗ್ ಹಿಡಿದು ಕೂತು ಬಾಯಲ್ಲೇ ಸದ್ದು ಮಾಡುತ್ತಾ ಬೆಂಗಳೂರಿಗೆ ಹೋಗಿ ಬರುವುದು ನಮ್ಮ ಆಟ. ಅದು ಓಡಿದ್ದನ್ನು ಮಾವನೂ ನೋಡಿರಲಿಲ್ಲ.

2021ರ ಕೊನೆಯಲ್ಲಿ ಮಾವ ಫೋನ್ ಮಾಡಿದರು. "ಅಟ್ಟ ಬಿಚ್ಚಿಸ್ತಾ ಇದ್ದೀನಿ ಕಣೋ. ಗುಜರಿಯವನು ಬಂದು ರೇಟ್ ಹೇಳಿ ಹೋದ. ನಿಂಗೆ ಬೇಕಾ, ಬೇಡ್ವಾ?" ನಾನು ಅವತ್ತು ಸಂಜೆಯೇ ಹೋದೆ. ಮಾರನೇ ವಾರ ಟ್ರ್ಯಾಕ್ಟರ್ ಟ್ರೈಲರಿನಲ್ಲಿ ಕಾರು ಅರಸೀಕೆರೆಗೆ ಬಂತು. ನನ್ನದು ಮೋಟರ್ ರಿವೈಂಡಿಂಗ್ ಅಂಗಡಿ. ಕಾಯಿಲ್, ಬೇರಿಂಗ್, ಬುಶ್ ಗೊತ್ತು. ಕಾರಿನ ಬಗ್ಗೆ ಆಗ ಅಷ್ಟೇನೂ ಗೊತ್ತಿರಲಿಲ್ಲ.

ಎಲ್ಲರೂ ಹೇಳಿದ್ದು ಒಂದೇ ಮಾತು. ಟಿ ಮಾಡೆಲ್ ಅಂದ್ರೆ ಚಿಂತೆ ಇಲ್ಲ, ಸ್ಪೇರ್ ಎಲ್ಲಾ ಸಿಗುತ್ತೆ. ಅದು ಸುಳ್ಳೂ ಅಲ್ಲ. 1908ರಿಂದ 1927ರವರೆಗೆ ಒಂದೂವರೆ ಕೋಟಿ ಗಾಡಿ ಮಾಡಿದ್ದಾರೆ. ಅಮೆರಿಕದಲ್ಲಿ ಇವತ್ತಿಗೂ ಇದರ ಗ್ಯಾಸ್ಕೆಟ್, ಪಿಸ್ಟನ್, ಬುಶ್, ರಬ್ಬರ್ ಮ್ಯಾಟು ಎಲ್ಲವನ್ನೂ ಹೊಸದಾಗಿ ಮಾಡಿ ಮಾರುತ್ತಾರೆ. ಕ್ಯಾಟಲಾಗ್ ತೆರೆದರೆ ನಮ್ಮ ಟಿವಿಎಸ್ ಗಾಡಿಗೆ ಸಿಗುವುದಕ್ಕಿಂತ ಜಾಸ್ತಿ ಐಟಂ ಇದೆ. ಆದರೆ ಹತ್ತೊಂಬತ್ತು ವರ್ಷ ಒಂದೇ ಹೆಸರಲ್ಲಿ ಬಂದ ಗಾಡಿ ಒಳಗೆ ಒಂದೇ ಥರ ಇರಲಿಲ್ಲ. ಅದು ನನಗೆ ದುಡ್ಡು ಕಳೆದುಕೊಂಡ ಮೇಲೆ ಗೊತ್ತಾಯಿತು.

ಮಾವನ ಹತ್ತಿರ ಒಂದು ಹಳೇ ನೋಂದಣಿ ಕಾಗದ ಇತ್ತು. ಅದರಲ್ಲಿ 1926 ಅಂತ ಇತ್ತು. ನಾನು ಅದನ್ನೇ ನಂಬಿದೆ. ಮೊದಲು ಬ್ರೇಕಿನಿಂದ ಶುರು ಮಾಡೋಣ ಅಂತ 1926ನೇ ಇಸವಿಯ ಹಿಂದಿನ ಚಕ್ರದ ಬ್ರೇಕ್ ಶೂ ತರಿಸಿದೆ. ಎರಡು ತಿಂಗಳು ಕಾದೆ. ಕಸ್ಟಮ್ಸ್ ಕಟ್ಟಿದೆ. ಡಬ್ಬ ಬಿಚ್ಚಿ ಶೂ ತೆಗೆದು ಡ್ರಮ್ಮಿನ ಪಕ್ಕ ಹಿಡಿದ ಕೂಡಲೇ ಕೈಕಾಲು ತಣ್ಣಗಾಯಿತು. ಬಂದ ಶೂ 11 ಇಂಚಿನ ಡ್ರಮ್ಮಿಗೆ. ನಮ್ಮ ಗಾಡಿಯದ್ದು 8 ಇಂಚು. ಅಂಗಳದಲ್ಲಿ ಸುಮ್ನೆ ನಿಂತುಬಿಟ್ಟೆ.

ಆಮೇಲೆ ಕೂತು ಓದಿದೆ. 1926 ಮತ್ತು 27ರ ಗಾಡಿಗಳಿಗೆ ಮಾತ್ರ ಫೋರ್ಡ್ ದೊಡ್ಡ ಡ್ರಮ್ ಕೊಟ್ಟಿತ್ತು. ಅದಕ್ಕಿಂತ ಹಿಂದಿನವಕ್ಕೆ 8 ಇಂಚು. ಹಾಗಾದರೆ ನಮ್ಮದು 1926ರದ್ದಲ್ಲ. ರೇಡಿಯೇಟರ್ ನೋಡಿದೆ, ಎತ್ತರದ್ದು. ಎತ್ತರದ ರೇಡಿಯೇಟರ್ ಬಂದಿದ್ದು 1923ರ ಮಧ್ಯದಲ್ಲಿ. ಬಾನೆಟ್, ಬಾಗಿಲು, ಹಿಂದಿನ ಆಕ್ಸಲ್ ಎಲ್ಲ ಒಂದೊಂದೇ ನೋಡುತ್ತಾ ಹೋದಾಗ 1923ರ ಕೊನೆಗೂ 1925ಕ್ಕೂ ನಡುವಿನದ್ದು ಅನ್ನುವುದು ಖಚಿತವಾಯಿತು. ಕಾಗದದಲ್ಲಿ ಇದ್ದ 1926 ಇಲ್ಲಿ ನೋಂದಣಿ ಆದ ವರ್ಷ ಅಷ್ಟೇ. ಕಾಗದ ಕೇಳುವುದಕ್ಕಿಂತ ಮೊದಲು ಗಾಡಿಯನ್ನೇ ಕೇಳಬೇಕಿತ್ತು.

ಅವತ್ತಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಇಟ್ಟೆ. ಪ್ರತಿ ಭಾಗಕ್ಕೂ ಒಂದು ಪುಟ. ಉದ್ದ, ಅಗಲ, ಒಳವ್ಯಾಸ, ಹೊರವ್ಯಾಸ, ಇಂಚಿಗೆ ಎಷ್ಟು ಥ್ರೆಡ್, ಮೇಲೆ ಏನಾದರೂ ಅಚ್ಚು ಇದ್ದರೆ ಅದು. ಬಿಚ್ಚುವ ಮೊದಲು ಫೋಟೋ, ಬಿಚ್ಚಿದ ಮೇಲೆ ಫೋಟೋ. ಮುರಿದ ಚೂರನ್ನೂ ಎಸೆಯಲಿಲ್ಲ. ಹಳೇ ಹಾರ್ಲಿಕ್ಸ್ ಬಾಟಲಿಗಳಲ್ಲಿ ಹಾಕಿ ಚೀಟಿ ಅಂಟಿಸಿದೆ. ಮುರಿದ ಪೀಸೇ ನಮಗೆ ಡ್ರಾಯಿಂಗ್. ಅದು ಕೈಯಲ್ಲಿದ್ದರೆ ಲೇತ್‌ನವನಿಗೆ ತೋರಿಸಬಹುದು. ಇಲ್ಲದಿದ್ದರೆ ಬಾಯಿಮಾತಲ್ಲಿ ಹೇಳುತ್ತಾ ಕೂರಬೇಕು.

ಇಂಜಿನ್ ನಂಬರು ಎಡಗಡೆ, ನೀರು ಒಳಗೆ ಹೋಗುವ ಜಾಗದ ಮೇಲೆ ಇರುತ್ತೆ. ಅಲ್ಲಿ ಒಂದು ಇಂಚು ದಪ್ಪಕ್ಕೆ ಮಣ್ಣು, ಗ್ರೀಸು. ಸೀಮೆಎಣ್ಣೆ ಹಚ್ಚಿ ಬ್ರಷ್ಷಿನಿಂದ ಉಜ್ಜಿದಾಗ ಮೊದಲು ಕಂಡಿದ್ದು ಒಂದು ಅಕ್ಷರ. ಸಿ. ಆಮೇಲೆ ಅಂಕಿಗಳು. ಸಿ ಅಂದರೆ ಕೆನಡಾದಲ್ಲಿ ಮಾಡಿದ ಇಂಜಿನ್. ಬ್ರಿಟಿಷ್ ಸಾಮ್ರಾಜ್ಯದ ಹೆಚ್ಚಿನ ದೇಶಗಳಿಗೆ ಫೋರ್ಡ್ ಗಾಡಿ ಹೋಗುತ್ತಿದ್ದದ್ದು ಕೆನಡಾದ ಕಾರ್ಖಾನೆಯಿಂದ. ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ನಮ್ಮ ದೇಶ, ಎಲ್ಲಕ್ಕೂ. 1926ರಲ್ಲಿ ಇಲ್ಲಿ ಶುರುವಾದ ಫೋರ್ಡ್ ಇಂಡಿಯಾ ಕಂಪನಿ ಕೂಡ ಕೆನಡಾ ಫೋರ್ಡಿನ ಕೈಕೆಳಗಿನದ್ದೇ.

ಕೆನಡಾ ಅಂತ ಗೊತ್ತಾದ ಮೇಲೆ ಇನ್ನೊಂದು ಗಂಟು ಬಿಚ್ಚಿಕೊಂಡಿತು. ಬಾಡಿಯ ಮರದ ಚೌಕಟ್ಟಿಗೆ ಹೊಡೆದ ಸ್ಕ್ರೂಗಳ ತಲೆಯಲ್ಲಿ ಸೀಳು ಇರಲಿಲ್ಲ, ಚೌಕದ ಗುಳಿ ಇತ್ತು. ಯಾರೋ ಹಿಂದೆ ಆಲನ್ ಸ್ಕ್ರೂ ಹಾಕಿ ಕೆಡಿಸಿದ್ದಾರೆ ಅಂದುಕೊಂಡು ನಾನು ಎಂಟು ಹತ್ತನ್ನು ಡ್ರಿಲ್ ಹೊಡೆದು ತೆಗೆದಿದ್ದೆ. ಅವು ರಾಬರ್ಟ್‌ಸನ್ ಸ್ಕ್ರೂಗಳು. ಪೀಟರ್ ರಾಬರ್ಟ್‌ಸನ್ ಅನ್ನುವ ಕೆನಡಾದವನು ನೂರು ವರ್ಷಕ್ಕೂ ಹಿಂದೆ ಕಂಡುಹಿಡಿದದ್ದು, ಅಲ್ಲಿನ ಫೋರ್ಡ್ ಬಾಡಿಗಳಿಗೆ ಅದನ್ನೇ ಬಳಸುತ್ತಿದ್ದರು. ನಾನು ಡ್ರಿಲ್ ಹೊಡೆದದ್ದು ಆ ಗಾಡಿಯ ಹುಟ್ಟಿನ ಗುರುತನ್ನೇ! ಇವತ್ತಿಗೂ ಅದಕ್ಕೆ ನೋವಿದೆ. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಚೌಕದ ಬಿಟ್ಟು ಸಿಕ್ಕಿತು. ಉಳಿದ ಸ್ಕ್ರೂಗಳು ಒಂದು ದಿನ ಎಣ್ಣೆ ಕುಡಿದ ಮೇಲೆ ಬೆಣ್ಣೆಯಂತೆ ಬಂದವು. ಅವನ್ನೇ ತೊಳೆದು ಮತ್ತೆ ಹಾಕಿದ್ದೇನೆ.

ಕೆನಡಾದ ಗಾಡಿ ಅನ್ನುವುದಕ್ಕಿಂತ ದೊಡ್ಡ ತೊಂದರೆ ಅದು ಬಲಗೈ ಸ್ಟೀರಿಂಗ್ ಗಾಡಿ ಅನ್ನುವುದು. ಅಮೆರಿಕದ ಕ್ಯಾಟಲಾಗಿನಲ್ಲಿ "1909ರಿಂದ 1927ರ ಎಲ್ಲ ಗಾಡಿಗೂ ಆಗುತ್ತದೆ" ಅಂತ ಬರೆದಿದ್ದರೆ, ಅವರ ಕಡೆಯ, ಅಂದರೆ ಎಡಗೈ ಸ್ಟೀರಿಂಗಿನ, ಎಲ್ಲ ಗಾಡಿ ಅಂತ ಅರ್ಥ. ಇಂಜಿನ್ ಒಳಗಿನ ಸಾಮಾನಿಗೆ ಎಡ ಬಲ ಇಲ್ಲ. ಪಿಸ್ಟನ್, ವಾಲ್ವು, ರಿಂಗು, ಗ್ಯಾಸ್ಕೆಟ್ ಧೈರ್ಯವಾಗಿ ತರಿಸಬಹುದು. ಆದರೆ ಸ್ಟೀರಿಂಗ್ ಕೆಳಗಿನ ಲಿಂಕು, ಹ್ಯಾಂಡ್‌ಬ್ರೇಕ್ ಲಿವರ್, ಗೇರ್‌ಬಾಕ್ಸಿನ ಮೇಲಿನ ಮುಚ್ಚಳ, ಇವೆಲ್ಲ ಅದಲು ಬದಲು. ನಾನೂ ಒಮ್ಮೆ ಉತ್ತರದ ಊರಿನ ಒಬ್ಬ ವ್ಯಾಪಾರಿಯ ಹತ್ತಿರ ಮುಂಗಡ ಕೊಟ್ಟು ಸ್ಟೀರಿಂಗ್ ಲಿಂಕ್ ತರಿಸಿದೆ. "ಬಲಗೈ ಗಾಡಿಯದ್ದೇ ಸಾರ್" ಅಂತ ಎರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೆ. ಬಂದದ್ದು ಎಡಗೈಯದ್ದು. ಅವರು ವಾಪಸ್ ತಗೊಳ್ಳಲಿಲ್ಲ.

ಆ ಮುಚ್ಚಳದ ಕತೆ ಹೇಳಲೇಬೇಕು. ಟಿ ಮಾಡೆಲಿನಲ್ಲಿ ಮೂರು ಪೆಡಲ್. ಎಡದ್ದು ಗೇರಿಗೆ, ನಡುವಿನದ್ದು ರಿವರ್ಸಿಗೆ, ಬಲದ್ದು ಬ್ರೇಕಿಗೆ. ಮೂರೂ ಗೇರ್‌ಬಾಕ್ಸ್ ಒಳಗಿನ ಮೂರು ಡ್ರಮ್ಮಿನ ಮೇಲೆ ಪಟ್ಟಿ ಬಿಗಿಯುತ್ತವೆ. ಪೆಡಲ್ ಕೂರುವುದು ಎರಕದ ಕಬ್ಬಿಣದ ದೊಡ್ಡ ಮುಚ್ಚಳದಲ್ಲಿ. ಇಂಗ್ಲಿಷಿನಲ್ಲಿ ಅದನ್ನು ಹಾಗ್ಸ್‌ಹೆಡ್ ಅಂತಾರೆ. ಡ್ರೈವರ್ ಬಲಗಡೆ ಕೂರುವ ಗಾಡಿಗೆ ಪೆಡಲೂ ಬಲಗಡೆ ಬೇಕು, ಹಾಗಾಗಿ ಮುಚ್ಚಳವೇ ಬೇರೆ. ನಮ್ಮದು ಪೆಡಲ್ ಶಾಫ್ಟಿನ ತೂತಿನ ಹತ್ತಿರ ಸೀಳಿತ್ತು, ಒಂದು ಕಿವಿ ಹಾರಿಹೋಗಿತ್ತು. ಹಾಸನದಲ್ಲಿ ಒಬ್ಬರು ಎರಕದ ಕಬ್ಬಿಣಕ್ಕೆ ವೆಲ್ಡಿಂಗ್ ಮಾಡುತ್ತಾರೆ. ಅವರು ಕೈಯಲ್ಲಿ ಹಿಡಿದು, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಸದ್ದು ಕೇಳಿ, "ಅಣ್ಣ, ಮಾಡ್ಕೊಡ್ತೀನಿ. ಆದ್ರೆ ಇದು ಬ್ರೇಕ್ ಪೆಡಲ್ ಜಾಗ. ನಾಳೆ ಇಳಿಜಾರಲ್ಲಿ ಬಿಟ್ಕೊಂಡ್ರೆ ನನ್ನ ಬೈಬೇಡಿ" ಅಂದರು. ಅಷ್ಟು ನೇರವಾಗಿ ಹೇಳಿದ್ದಕ್ಕೆ ನಾನು ಅವರಿಗೆ ಋಣಿ. ವೆಲ್ಡಿಂಗ್ ಬೇಡ ಅಂತ ವಾಪಸ್ ತಂದೆ.

ದೊಡ್ಡಪ್ಪನ ಮಗ ಮೆಲ್ಬರ್ನ್‌ನಲ್ಲಿ ಇದ್ದಾನೆ, ಸಾಫ್ಟ್‌ವೇರ್ ಕೆಲಸ. ಅವನಿಗೂ ಕಾರಿಗೂ ಸಂಬಂಧವೇ ಇಲ್ಲ. ಆದರೆ ಆಸ್ಟ್ರೇಲಿಯಾಕ್ಕೂ ಕೆನಡಾದ ಬಲಗೈ ಗಾಡಿಗಳೇ ಹೋಗಿದ್ದವು ಅಲ್ವಾ? ಅಲ್ಲಿ ಬೆಂಡಿಗೊ ಅನ್ನುವ ಊರಲ್ಲಿ ನವೆಂಬರಿನಲ್ಲಿ ಹಳೇ ಗಾಡಿ ಸಾಮಾನಿನ ದೊಡ್ಡ ಸಂತೆ ನಡೆಯುತ್ತೆ. ನಾನು ಹಳೇ ಕ್ಯಾಲೆಂಡರಿನ ಹಿಂಬದಿಗೆ ಮುಚ್ಚಳವನ್ನು ಕವುಚಿ ಇಟ್ಟು, ಪೆನ್ಸಿಲಿನಲ್ಲಿ ಗೆರೆ ಎಳೆದು, ಪ್ರತಿ ತೂತಿನ ನಡುವಿನ ಅಂತರ ಬರೆದು, ಪೋಸ್ಟಿನಲ್ಲಿ ಕಳಿಸಿದೆ. ಫೋಟೋ ಸಾಕಾಗಲ್ಲ. ಫೋಟೋದಲ್ಲಿ ಎಡ ಯಾವುದು ಬಲ ಯಾವುದು ಅನ್ನುವುದೇ ಮೋಸ ಮಾಡುತ್ತೆ. ಅವನು ಹೆಂಡತಿ ಮಕ್ಕಳ ಜೊತೆ ಶನಿವಾರ ಬೆಳಗ್ಗೆ ಅಲ್ಲಿಗೆ ಹೋದ. ನಮಗಿನ್ನೂ ನಸುಕು. ವಿಡಿಯೋ ಕಾಲ್ ಬಂತು. ಹುಲ್ಲಿನ ಮೇಲೆ ಟಾರ್ಪಾಲು ಹಾಸಿ ರಾಶಿ ರಾಶಿ ಕಬ್ಬಿಣ.

"ಅಣ್ಣ, ಪೆಡಲ್ ತೂತು ಬಲಗಡೆ ಅಂದ್ರೆ, ಹಿಂದಿನಿಂದ ನೋಡಿದ್ರೋ ಮುಂದಿನಿಂದ ನೋಡಿದ್ರೋ?"

"ನೀನು ಡ್ರೈವರ್ ಥರ ಕೂತ್ಕೊಂಡು ನೋಡು. ಇಂಜಿನ್ ನಿನ್ನ ಮುಂದೆ ಇದೆ ಅಂದ್ಕೊ."

ಅವನು ಅಲ್ಲೇ ಹುಲ್ಲಿನ ಮೇಲೆ ಕುಕ್ಕರುಗಾಲಲ್ಲಿ ಕೂತ. ಕ್ಯಾಲೆಂಡರ್ ಹಾಳೆ ಬಿಚ್ಚಿ ಅದರ ಮೇಲೆ ಮುಚ್ಚಳ ಇಟ್ಟ. ನನ್ನ ಪೆನ್ಸಿಲ್ ಗೆರೆಯ ಮೇಲೆ ಅದರ ಅಂಚು ಕೂತಿತು. ಒಂದೊಂದೇ ತೂತಿನೊಳಗೆ ಬೆರಳು ಹಾಕಿ ತೋರಿಸಿದ, ಎಲ್ಲಾ ತೂತಿನಲ್ಲೂ ನಾನು ಎಳೆದ ದುಂಡು ಕಾಣುತ್ತಿತ್ತು. ನನಗೆ ಮಾತೇ ಬರಲಿಲ್ಲ. ಪಕ್ಕದಲ್ಲಿ ಮಲಗಿದ್ದ ನನ್ನ ಹೆಂಡತಿ ಎದ್ದು ಏನಾಯ್ತು ಅಂತ ಗಾಬರಿ ಬಿದ್ದಳು. ಆ ಕಬ್ಬಿಣವನ್ನು ಅವನು ಮುಂದಿನ ಸಲ ಊರಿಗೆ ಬರುವಾಗ ಲಗೇಜಿನಲ್ಲಿ ತಂದ. ಬಟ್ಟೆ ಬಿಟ್ಟು ಕಬ್ಬಿಣ ತಂದ ತಮ್ಮ.

ಇಲ್ಲಿನ ಮಾರ್ಕೆಟ್ಟೂ ಸುತ್ತಿದ್ದೇನೆ. ಶಿವಾಜಿನಗರದ ಗುಜರಿ ಅಂಗಡಿಗಳು, ಜೆಸಿ ರೋಡು, ಮದ್ರಾಸಿನ ಪುದುಪೇಟೆ, ಒಂದು ಸಲ ಕಲ್ಕತ್ತಾದ ಮಲ್ಲಿಕ್ ಬಜಾರ್. ಟಿ ಮಾಡೆಲ್ ಅಂತ ಕೇಳಿದರೆ ಹೆಚ್ಚಿನವರು ಇಲ್ಲ ಅಂತಾರೆ. ಶಿವಾಜಿನಗರದ ಒಬ್ಬ ವಯಸ್ಸಾದ ಭಾಯ್ ನನಗೆ ಕೇಳುವ ರೀತಿ ಕಲಿಸಿದರು. "ಗಾಡಿ ಹೆಸರು ಹೇಳ್ಬೇಡಿ ಸಾರ್. ಸೈಜ್ ಹೇಳಿ." ಅಂದಿನಿಂದ ಹೆಸರು ಬಿಟ್ಟೆ. ಇಷ್ಟು ಒಳವ್ಯಾಸ, ಇಷ್ಟು ಹೊರವ್ಯಾಸದ ಟೇಪರ್ ಬೇರಿಂಗ್ ಕೊಡಿ ಅಂತ ಕೇಳಿದೆ. ಮುಂದಿನ ಚಕ್ರದ ಒಳಗಿನ ಬೇರಿಂಗಿಗೆ ಹೊಂದುವುದು ಅಲ್ಲೇ ಸಿಕ್ಕಿತು. ಹತ್ತು ನಿಮಿಷದ ಕೆಲಸ. ಬೇರಿಂಗ್ ಅಂಗಡಿಯವರಿಗೆ ಅದು ಯಾವ ಗಾಡಿಗೆ ಅನ್ನುವುದು ಬೇಕಾಗಿಯೇ ಇಲ್ಲ.

ನಟ್ಟು ಬೋಲ್ಟಿನ ವಿಷಯಕ್ಕೆ ಬಂದರೆ ಇಲ್ಲಿ ಜಾಸ್ತಿ ಹುಷಾರಾಗಿರಬೇಕು. ನಮ್ಮ ಕಡೆ ಹಳೇ ಅಂಗಡಿಗಳಲ್ಲಿ ಇಂಚಿನ ಬೋಲ್ಟು ಅಂದರೆ ವಿಟ್‌ವರ್ತ್, ಅಂದರೆ ಬ್ರಿಟಿಷ್ ಥ್ರೆಡ್. ಫೋರ್ಡಿನದ್ದು ಅಮೆರಿಕದ ಥ್ರೆಡ್. ಸಿಲಿಂಡರ್ ಹೆಡ್ ಬೋಲ್ಟು 7/16 ಇಂಚು, ಇಂಚಿಗೆ 14 ಥ್ರೆಡ್. ವಿಟ್‌ವರ್ತ್‌ನಲ್ಲೂ 7/16ಕ್ಕೆ 14 ಥ್ರೆಡ್ಡೇ. ಹಾಕಿದರೆ ಹೋಗುತ್ತೆ! ಆದರೆ ಥ್ರೆಡ್ಡಿನ ಕೋನ ಬೇರೆ, ಬ್ರಿಟಿಷರದ್ದು 55 ಡಿಗ್ರಿ, ಅಮೆರಿಕದ್ದು 60. ಹೊರಗಿನಿಂದ ಬಿಗಿ ಆದಂತೆ ಕಾಣುತ್ತೆ, ಒಳಗೆ ಥ್ರೆಡ್ಡಿನ ಅಂಚಷ್ಟೇ ಹಿಡಿದಿರುತ್ತೆ. ನೂರು ವರ್ಷದ ಬ್ಲಾಕಿನಲ್ಲಿ ಅದನ್ನು ಎಳೆದು ಬಿಗಿದರೆ ಬ್ಲಾಕಿನ ಥ್ರೆಡ್ ಕಿತ್ತು ಬರುತ್ತೆ. ಅರ್ಧ ಇಂಚಿಗೆ ಬಂದರೆ ಬ್ರಿಟಿಷರದ್ದು 12, ಅಮೆರಿಕದ್ದು 13. ಅದು ಎರಡು ಮೂರು ಸುತ್ತಿಗೇ ಹಿಡಿದುಕೊಳ್ಳುತ್ತೆ, ಗೊತ್ತಾಗುತ್ತೆ. ಹೋಗದ ಬೋಲ್ಟಿನಿಂದ ಭಯ ಇಲ್ಲ. ಹೋಗುವ ತಪ್ಪು ಬೋಲ್ಟಿನಿಂದಲೇ ಭಯ. ನೂರಿನ್ನೂರು ರೂಪಾಯಿಯ ಥ್ರೆಡ್ ಗೇಜ್ ಒಂದು ಜೇಬಿನಲ್ಲಿ ಇಟ್ಟುಕೊಂಡೇ ಅಂಗಡಿಗೆ ಹೋಗಿ.

ಸ್ಪಾರ್ಕ್ ಪ್ಲಗ್ಗಿನದ್ದೂ ಇದೇ ಕತೆ. ಟಿ ಮಾಡೆಲಿನ ಪ್ಲಗ್ಗಿಗೆ ಅರ್ಧ ಇಂಚಿನ ಪೈಪ್ ಥ್ರೆಡ್, ಕೆಳಗೆ ಹೋಗ್ತಾ ಹೋಗ್ತಾ ಸಣ್ಣ ಆಗುವಂಥದ್ದು. ನಲ್ಲಿ ಪೈಪಿನ ಥರ. ನಮ್ಮ ಗಾಡಿಗೆ ಯಾರೋ ಹಿತ್ತಾಳೆ ಬುಶ್ ಮಾಡಿ ಅದರೊಳಗೆ 14 ಎಂಎಂನ ಈಗಿನ ಪ್ಲಗ್ ಹಾಕಿದ್ದರು. ಮಾಡಿದವರು ಪ್ಲಂಬರ್ ಬಳಸುವ ನಮ್ಮ ಬಿಎಸ್‌ಪಿ, ಅಂದರೆ ಬ್ರಿಟಿಷ್ ಪೈಪ್ ಥ್ರೆಡ್ಡಿನ, ಡೈ ಬಳಸಿದ್ದರು. ಅದರಲ್ಲೂ ಇಂಚಿಗೆ 14 ಥ್ರೆಡ್, ಅಮೆರಿಕದ ಪೈಪಿನಲ್ಲೂ 14. ಕೋನ ಮಾತ್ರ ಬೇರೆ. ಅದಕ್ಕೇ ನಾಲ್ಕು ಬುಶ್‌ನಲ್ಲಿ ಮೂರರ ಸುತ್ತ ಕಪ್ಪು ಗೆರೆ, ಗ್ಯಾಸ್ ಸೋರಿದ ಗುರುತು. ಬುಶ್ ಬಿಚ್ಚಿ, ಹೆಡ್ಡಿನ ತೂತಿಗೆ ಸರಿಯಾದ ಎನ್‌ಪಿಟಿ, ಅಂದರೆ ಅಮೆರಿಕದ ಪೈಪ್ ಥ್ರೆಡ್ಡಿನ, ಟ್ಯಾಪ್ ಅನ್ನು ಕೈಯಲ್ಲೇ ಮೆಲ್ಲಗೆ ಬಿಟ್ಟು ಸ್ವಚ್ಛ ಮಾಡಿ, ಚಾಂಪಿಯನ್ ಎಕ್ಸ್ ಹಳೇ ಪ್ಲಗ್ ನಾಲ್ಕು ತರಿಸಿ ಹಾಕಿದೆ.

ಟೈರ್ ಅಂಗಡಿಯಲ್ಲಿ ನಾನು 30 ಇಂಟು 3½ ಅಂದರೆ ಅವರು "30 ಇಂಚಿನ ರಿಮ್ಮಾ?" ಅಂತ ಕಣ್ಣರಳಿಸುತ್ತಿದ್ದರು. ಈಗ ನಾವು ಟೈರ್ ಸೈಜಲ್ಲಿ ರಿಮ್ಮಿನ ಅಳತೆ ಹೇಳುತ್ತೇವೆ. ಆಗ ಟೈರಿನ ಹೊರವ್ಯಾಸ ಹೇಳುತ್ತಿದ್ದರು. 30ರಲ್ಲಿ ಎರಡೂ ಕಡೆಯ ಮೂರೂವರೆ ಮೂರೂವರೆ ಕಳೆಯಿರಿ, ರಿಮ್ಮು 23. ಅದೂ ಕ್ಲಿಂಚರ್ ರಿಮ್ಮು, ಅಂಚು ಒಳಗೆ ಮಡಚಿ ಟೈರಿನ ತುಟಿಯನ್ನು ಕಚ್ಚಿ ಹಿಡಿಯುವಂಥದ್ದು. ಟೈರಿನೊಳಗೆ ತಂತಿ ಇಲ್ಲ, ಗಾಳಿಯ ಒತ್ತಡವೇ ಅದನ್ನು ರಿಮ್ಮಿಗೆ ಹಿಡಿಸುವುದು. 55, 60 ಪೌಂಡ್ ಗಾಳಿ ಬೇಕು. ಕಮ್ಮಿ ಇದ್ದರೆ ಟೈರ್ ರಿಮ್ಮಿನ ಮೇಲೆ ಜಾರಿ ಟ್ಯೂಬಿನ ವಾಲ್ವ್ ಕಿತ್ತು ಬರುತ್ತೆ. ಇದನ್ನು ಮಾತ್ರ ಹೊರದೇಶದಿಂದಲೇ ತರಿಸಬೇಕು, ಬೇರೆ ದಾರಿ ಇಲ್ಲ. ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ಹೋದದ್ದು ಟೈರಿಗೇ.

ಚಕ್ರದ ಮರದ ಕಡ್ಡಿಗಳನ್ನು ತೋರಿಸಲು ಗಾಡಿ ಚಕ್ರ ಮಾಡುವ ಒಬ್ಬ ಹಳೇ ಆಚಾರ್‌ರನ್ನು ಕರೆತಂದೆ. ಹನ್ನೆರಡು ಕಡ್ಡಿಯನ್ನೂ ಬೆರಳಿನಿಂದ ತಟ್ಟುತ್ತಾ ಹೋದರು. ಎರಡರ ಹತ್ತಿರ ನಿಂತು, "ಸ್ವಾಮಿ, ಇವೆರಡು ನಮ್ಮ ಜಾಲಿ ಮರ. ಮಿಕ್ಕಿದ್ದು ನಂಗೊತ್ತಿಲ್ಲದ ಮರ" ಅಂದರು. ಮಿಕ್ಕಿದ್ದು ಹಿಕರಿ. ಯಾವುದೋ ಕಾಲದಲ್ಲಿ ನಮ್ಮೂರ ಬಡಗಿಯೇ ಈ ಚಕ್ರಕ್ಕೆ ಎರಡು ಕಡ್ಡಿ ಕೊಟ್ಟಿದ್ದ. ಅವು ಈಗಲೂ ಗಟ್ಟಿಯಾಗಿವೆ. ಬದಲಾಯಿಸಲಿಲ್ಲ.

ಇಲ್ಲೇ ಮಾಡಿಸಬೇಕಾದವು ಕೆಲವು ಇವೆ. ಅದರಲ್ಲಿ ಮುಖ್ಯವಾದದ್ದು ಹಿಂದಿನ ಆಕ್ಸಲಿನ ಒಳಗಿನ ಎರಡು ಥ್ರಸ್ಟ್ ವಾಷರ್. ಟಿ ಮಾಡೆಲ್ ಇರುವವರು ಯಾರಾದರೂ ಇದನ್ನು ಓದುತ್ತಿದ್ದರೆ ಇದೊಂದನ್ನು ದಯವಿಟ್ಟು ಗಮನಿಸಿ. ಕಂಪನಿ ಹಾಕಿದ್ದು ಬಾಬಿಟ್ ವಾಷರ್, ನಾವು ವೈಟ್‌ಮೆಟಲ್ ಅನ್ನುವ ಮೆತ್ತನೆ ಲೋಹ. ಇಷ್ಟು ವರ್ಷಕ್ಕೆ ಅದು ಪುಡಿಪುಡಿ ಆಗಿರುತ್ತೆ. ನಾನು ಆಕ್ಸಲ್ ಬಿಚ್ಚಿದಾಗ ಒಂದು ಕಡೆ ವಾಷರೇ ಇರಲಿಲ್ಲ, ಕೆಳಗೆ ಗ್ರೀಸಿನಲ್ಲಿ ಬೂದು ಬಣ್ಣದ ಚೂರು ಇದ್ದವು. ವಾಷರ್ ಹೋದರೆ ದೊಡ್ಡ ಹಲ್ಲುಚಕ್ರ ಪಕ್ಕಕ್ಕೆ ಸರಿದು ಪಿನಿಯನ್ ಅನ್ನುವ ಚಿಕ್ಕ ಹಲ್ಲುಚಕ್ರದಿಂದ ಬಿಟ್ಟುಕೊಳ್ಳುತ್ತೆ. ಕಾಲಿನ ಬ್ರೇಕ್ ಇರುವುದು ಗೇರ್‌ಬಾಕ್ಸಿನಲ್ಲಿ, ಚಕ್ರದಲ್ಲಲ್ಲ. ಹಲ್ಲು ಬಿಟ್ಟುಕೊಂಡರೆ ಓಟವೂ ಇಲ್ಲ, ಬ್ರೇಕೂ ಇಲ್ಲ. ಉಳಿಯುವುದು ಹ್ಯಾಂಡ್‌ಬ್ರೇಕ್ ಒಂದೇ. ಹೊರಗಿನಿಂದ ಚಕ್ರ ತಿರುಗಿಸಿ ನೋಡಿದರೆ ಏನೂ ಗೊತ್ತಾಗಲ್ಲ, ಬಿಚ್ಚಲೇಬೇಕು. ಉಳಿದಿದ್ದ ಒಂದು ವಾಷರನ್ನು ಮಾದರಿ ಇಟ್ಟುಕೊಂಡು ನಮ್ಮ ಟರ್ನರ್ ಫಾಸ್ಫರ್ ಬ್ರಾಂಜಿನಲ್ಲಿ ಎರಡು ಕಡೆದುಕೊಟ್ಟರು. ಒಂದು ಕಡೆಯದನ್ನು ಮೂರು ಸಲ ಲೇತಿಗೆ ಹಾಕಿ ತೆಗೆದು, ಹಾಕಿ ತೆಗೆದು, ಕೂದಲೆಳೆಯಷ್ಟು ಕಮ್ಮಿ ಮಾಡುತ್ತಾ ಕೂರಿಸಿದೆವು. ಈ ಕೆಲಸಕ್ಕೆ ಅಮೆರಿಕ ಬೇಕಾಗಲಿಲ್ಲ.

ಇಂಜಿನ್ನಿನ ಬೇರಿಂಗೂ ವೈಟ್‌ಮೆಟಲ್ಲೇ. ಕರಗಿಸಿ ಬ್ಲಾಕಿನಲ್ಲೇ ಎರೆಯುವುದು. ಹಿಂದೆ ಹಿಟ್ಟಿನ ಗಿರಣಿಯ ಆಯಿಲ್ ಇಂಜಿನ್‌ಗಳಿಗೆ ಇದನ್ನು ಮಾಡುತ್ತಿದ್ದವರು ಒಬ್ಬರು ಕಡೂರಿನ ಕಡೆ ಸಿಕ್ಕರು. ಎಪ್ಪತ್ತು ದಾಟಿದ್ದಾರೆ. ಕರಗಿದ ಲೋಹದಲ್ಲಿ ಒಂದು ಒಣ ಕಡ್ಡಿ ಅದ್ದಿ, ಅದು ಕಂದು ಬಣ್ಣಕ್ಕೆ ತಿರುಗಿದ್ದನ್ನು ನೋಡಿ ಎರೆದರು. ಥರ್ಮಾಮೀಟರ್ ತಂದಿದ್ದೆ, ಅವರು ಕೈಗೆ ತಗೊಳ್ಳಲಿಲ್ಲ. ಸಿಲಿಂಡರ್ ಮೂಲ ಅಳತೆ 3¾ ಇಂಚು. ಸವೆದಿದ್ದಕ್ಕೆ ಬೋರ್ ಮಾಡಿಸಿ 30 ಥೌ, ಅಂದರೆ ಇಂಚಿನ ಸಾವಿರದಲ್ಲಿ 30 ಪಾಲು, ದೊಡ್ಡ ಪಿಸ್ಟನ್ ಹಾಕಿದೆವು. ಇಲ್ಲಿ ಒಂದು ಕಿವಿಮಾತು. ಪಿಸ್ಟನ್ ಕೈಗೆ ಬಂದ ಮೇಲೆಯೇ ಬೋರ್ ಮಾಡಿಸಿ, ಮೊದಲು ಬೇಡ.

ಈ ಹೊತ್ತಿಗೆ ಹಲವರು ಹೇಳಿದರು, ಇಷ್ಟೆಲ್ಲಾ ಯಾಕೆ, ಒಂದು ಮಾರುತಿ ಇಂಜಿನ್ ಇಳಿಸಿ, ಓಡುತ್ತೆ. ಓಡುತ್ತೆ ನಿಜ. ಆದರೆ ಅದು ಮಾವನ ತಾತನ ಗಾಡಿ ಆಗಿರಲ್ಲ. ಮೇಲಾಗಿ 50 ವರ್ಷ ದಾಟಿದ ಗಾಡಿಗಳಿಗೆ ಕೇಂದ್ರ ಸರ್ಕಾರ 2021ರಲ್ಲಿ ಬೇರೆ ನೋಂದಣಿ ನಿಯಮ ತಂದಿದೆ, ನಂಬರಿನಲ್ಲಿ ವಿಎ ಅಂತ ಬರುತ್ತೆ. ಚಾಸಿ, ಬಾಡಿ, ಇಂಜಿನ್ ಮಾರ್ಪಾಡು ಮಾಡದೆ ಮೂಲ ರೂಪದಲ್ಲಿ ಇರಬೇಕು ಅನ್ನುವುದು ಅದರ ಷರತ್ತು. ಸಿ ಅಕ್ಷರ ಇರುವ ಆ ಬ್ಲಾಕನ್ನು ಕಳೆದುಕೊಂಡರೆ ಅಲ್ಲಿಗೆ ಮುಗಿಯಿತು.

ನನಗೆ ಅತಿ ಹೆಚ್ಚು ಸಂತೋಷ ಕೊಟ್ಟದ್ದು ಕರೆಂಟಿನ ಕೆಲಸ. ನನ್ನ ಕಸುಬು ಅದೇ ಅಲ್ವಾ. ಕರೆಂಟ್ ಹುಟ್ಟಿಸಲು ಇಂಜಿನ್ನಿನ ಫ್ಲೈವೀಲಿನ ಮೇಲೆ 16 ಆಯಸ್ಕಾಂತ, ಎದುರಿಗೆ ಒಂದು ರಿಂಗಿನ ಮೇಲೆ 16 ಕಾಯಿಲ್. ತಾಮ್ರದ ಚಪ್ಪಟೆ ಪಟ್ಟಿ ಸುತ್ತಿದ ಕಾಯಿಲ್‌ಗಳು. ಹೊಸ ರಿಂಗಿಗೆ ಕೇಳಿದ ಬೆಲೆ ನೋಡಿ, ಇದ್ದದ್ದನ್ನೇ ಬಿಚ್ಚಿದೆ. ತಾಮ್ರಕ್ಕೆ ಏನೂ ಆಗಿರಲಿಲ್ಲ, ಮೇಲಿನ ಬಟ್ಟೆ ಮಾತ್ರ ಇಲಿ ತಿಂದು, ಎಣ್ಣೆ ಕುಡಿದು ಹಾಳಾಗಿತ್ತು. ಹತ್ತಿ ಟೇಪ್ ಸುತ್ತಿ, ವಾರ್ನಿಷ್‌ನಲ್ಲಿ ಅದ್ದಿ, ಅಂಗಡಿಯ ಓವನ್ನಿನಲ್ಲಿ ಒಣಗಿಸಿದೆ. ದಿನಾ ಪಂಪ್ ಮೋಟರಿಗೆ ಮಾಡುವ ಕೆಲಸ. ಆಯಸ್ಕಾಂತ ಜೋಡಿಸುವಾಗ ಒಂದರ ಉತ್ತರ ತುದಿಗೆ ಪಕ್ಕದ್ದರ ಉತ್ತರ ತುದಿ ಬರಬೇಕು, ದಕ್ಷಿಣಕ್ಕೆ ದಕ್ಷಿಣ.

ಡ್ಯಾಶ್ ಬೋರ್ಡಿನ ಪೆಟ್ಟಿಗೆಯಲ್ಲಿ ಇಗ್ನಿಷನ್ ಕಾಯಿಲ್ ನಾಲ್ಕು. ಬ್ಯಾಟರಿ ಕೊಟ್ಟರೆ ನಾಲ್ಕೂ ಜೀರುಂಡೆ ಥರ ಗುಂಯ್ ಅಂದವು. ಸರಿ ಇವೆ ಅಂದುಕೊಂಡೆ. ಗುಂಯ್ ಅಂದರೆ ಸಾಲದು. ಒಳಗಿರುವ ಕಾಗದದ ಕೆಪಾಸಿಟರ್ ನೂರು ವರ್ಷಕ್ಕೆ ಸೋರಿರುತ್ತೆ, ಪಾಯಿಂಟು, ಅಂದರೆ ಕರೆಂಟ್ ಕಡಿದು ಕೂಡಿಸುವ ತುದಿ, ಸುಡುತ್ತೆ. ಒಳಗೆ ಡಾಂಬರು ತುಂಬಿದ್ದಾರೆ. ಮೆಲ್ಲಗೆ ಬಿಸಿ ಮಾಡಿ ಚಾಕುವಿನ ತುದಿಯಿಂದ ಕೆರೆದು, ಹಳೆಯದನ್ನು ತೆಗೆದು 0.47 ಮೈಕ್ರೋಫ್ಯಾರಡಿನ ಫಿಲ್ಮ್ ಕೆಪಾಸಿಟರ್ ಹಾಕಿದೆ. ಅದು ಎಸ್‌ಪಿ ರೋಡಿನಲ್ಲಿ ಕಡಲೆಕಾಯಿ ಬೆಲೆಗೆ ಸಿಗುತ್ತೆ. ಪಾಯಿಂಟ್ ಹೊಂದಿಸಲು ಮಾತ್ರ ಕೈಯಲ್ಲಿ ತಿರುಗಿಸುವ ಒಂದು ಟೆಸ್ಟರ್ ಬೇಕು, ಅದರಲ್ಲಿ ಪ್ರತಿ ಕಾಯಿಲ್ 1.3 ಆಂಪಿಯರ್ ತೋರಿಸಬೇಕು. ಆ ಟೆಸ್ಟರ್ ಇರುವವರು ಮೆಲ್ಬರ್ನ್‌ನಲ್ಲಿ ನಮ್ಮ ತಮ್ಮನಿಗೆ ಸಂತೆಯಲ್ಲೇ ಪರಿಚಯ ಆಗಿದ್ದರು. ಕಾಯಿಲ್ ಹೋಗಿ ಬಂದವು. ಬಿಡಿಗಾಸು ತಗೊಳ್ಳಲಿಲ್ಲ ಅವರು.

ಕೊನೆಗೆ ಉಳಿದದ್ದು ಒಂದೇ ಒಂದು ಸಾಮಾನು. ಮುಂದಿನ ಎಡ ಚಕ್ರದ ಹೊರಗಿನ ಬೇರಿಂಗಿನ ಒಳ ಕೋನ್. ಆಕ್ಸಲ್ ತುದಿಗೆ ಅದೇ ನಟ್ಟಿನ ಥರ ತಿರುಗಿ ಕೂರುತ್ತೆ, ಅದರೊಳಗೇ ಥ್ರೆಡ್. ಬಲ ಚಕ್ರದ್ದಕ್ಕೆ ಮಾಮೂಲಿ ಥ್ರೆಡ್, ಎಡದ್ದಕ್ಕೆ ಉಲ್ಟಾ, ಚಕ್ರ ತಿರುಗುವಾಗ ಬಿಚ್ಚಿಕೊಳ್ಳಬಾರದು ಅಂತ. ಸೈಜ್ ಹೇಳಿ ಕೇಳುವ ಭಾಯ್ ಉಪಾಯ ಇಲ್ಲಿ ನಡೆಯಲಿಲ್ಲ, ಯಾಕೆಂದರೆ ಥ್ರೆಡ್ ಇರುವ ಈ ಅಳತೆಯ ಬೇರಿಂಗ್ ಕೋನ್ ನಾನು ಕೇಳಿದ ಯಾವ ಅಂಗಡಿಯಲ್ಲೂ ಇರಲಿಲ್ಲ. ನಮ್ಮದರ ಮೈಮೇಲೆ ತುಕ್ಕಿನ ಗುಳಿ. ಲೇತಿನಲ್ಲಿ ಮಾಡಿಸಬಹುದು, ಗಟ್ಟಿ ಮಾಡಿ ಗ್ರೈಂಡ್ ಮಾಡುವವರು ಸಿಗಲಿಲ್ಲ. ಏಳು ತಿಂಗಳು ಗಾಡಿ ಮೂರು ಚಕ್ರ, ಒಂದು ಮರದ ದಿಮ್ಮಿಯ ಮೇಲೆ ನಿಂತಿತ್ತು.

ಆಗ ಮಂಗಳೂರು ಕಡೆಯಿಂದ ಒಬ್ಬರ ಫೋನ್ ಬಂತು. ಅವರ ಹತ್ತಿರವೂ ಟಿ ಮಾಡೆಲ್, 1926ರದ್ದು, ಈ ಸಲ ನಿಜವಾಗಿ 1926. ಯಾರೋ ನನ್ನ ಬಗ್ಗೆ ಹೇಳಿದ್ದರಂತೆ. "ನಿಮ್ಮಲ್ಲಿ 11 ಇಂಚಿನ ಬ್ರೇಕ್ ಶೂ ಉಂಟಂತೆ, ಹೌದಾ?" ಅಂತ ಕೇಳಿದರು. ನಾನು ಮೊದಲ ವರ್ಷ ತಪ್ಪಿ ತರಿಸಿದ್ದ ಶೂ, ಡಬ್ಬದ ಸಮೇತ ಹಾಗೇ ಇತ್ತು. ದುಡ್ಡು ಬೇಡ, ನಿಮ್ಮ ಹಳೇ ಸ್ಪೇರ್ ಡಬ್ಬಿಯಲ್ಲಿ ಉಲ್ಟಾ ಥ್ರೆಡ್ಡಿನ ಕೋನ್ ಇದೆಯಾ ನೋಡಿ ಅಂದೆ. ಫೋನ್ ಕೆಳಗಿಟ್ಟು ಹೋದವರು ಸುಮಾರು ಹೊತ್ತು ಬರಲಿಲ್ಲ. ಡಬ್ಬಿ ಸುರಿದ ಸದ್ದು ಮಾತ್ರ ಕೇಳಿಸುತ್ತಿತ್ತು. "ಎರಡು ಉಂಟು ಮಾರಾಯ್ರೆ. ಒಂದು ಎಣ್ಣೆ ಕಾಗದದಲ್ಲಿ ಸುತ್ತಿದ ಹಾಗೇ ಉಂಟು."

ಮುಂದಿನ ಭಾನುವಾರ ಅವರೇ ಶಿರಾಡಿ ಘಾಟ್ ಹತ್ತಿ ಬಂದರು. ಮಾವನೂ ತಿಪಟೂರಿನಿಂದ ಬಂದಿದ್ದರು. ಕಾಗದ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಗ್ರೀಸ್ ಹಚ್ಚಿ, ಆಕ್ಸಲ್ ತುದಿಗೆ ಹಿಡಿದೆ. ಎಡಕ್ಕೆ ತಿರುಗಿಸಿದೆ. ಮೊದಲ ಸುತ್ತಿಗೇ ಹಿಡಿಯಿತು. ಬೆರಳಿನಲ್ಲೇ ಕೊನೆಯವರೆಗೂ ಹೋಯಿತು. ಚಕ್ರಕ್ಕೆ ಒಂದು ತಳ್ಳು ಕೊಟ್ಟೆ, ಅದು ಸದ್ದಿಲ್ಲದೆ ತಿರುಗುತ್ತಲೇ ಇತ್ತು. ಮಾವ ದಿಮ್ಮಿ ಎಳೆದು ಪಕ್ಕಕ್ಕೆ ಹಾಕಿದರು.